ಘೋಡಗೇರಿಯ ಉಸುಕು ಸಮುದ್ರ ದಾಟಿದ್ದು

ಘೋಡಗೇರಿ

ನಾನು ಆಫ್ರಿಕಾಕ್ಕೆ ಹೋಗಿ ಬಂದವನು ಎಂದು ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ಸಿಂಹ ಕಂಡಿರೇನು ಎಂಬುದು. ಕಂಡಿಲ್ಲ. ಆನೆಯನ್ನೂ ಕಂಡಿಲ್ಲ. ನಾನು ಅಲ್ಲಿ ಕಂಡದ್ದರಲ್ಲಿ ಹೆಚ್ಚಿನ ಪಾಲು ಉಸುಕು. ಅದರಲ್ಲೂ ಹತ್ತು ಸೇರು ಉಸುಕನ್ನು ಊರಿನಿಂದ ನಾನೇ ಹೊತ್ತು ಒಯ್ದಿದ್ದೆ. ಇದನ್ನು ಕೇಳಿ ಯಾರಾದರೂ ನಕ್ಕರೆ ನನ್ನ ತಕರಾರಿಲ್ಲ, ಆದರೆ ಪೂರ್ತಿ ಕೇಳಿ ನಗಬೇಕು.

ನಮ್ಮೂರಿನಲ್ಲಿ ಭೀಮಣ್ಣ ಎಂಬ ಜಲಗಾರನಿದ್ದಾನೆ. ಪತ್ತಾರರ ಅಂಗಡಿಯ ಮುಂದಿನ ಕಸ, ಗಟಾರದ ಕೆಸರು ಒಯ್ದು, ಮರದ ಮರಿಗೆಯಲ್ಲಿ ನೀರು ಹಾಕಿ ಜಾಲಿಸಿ, ಕೆಲಸದಲ್ಲಿ ಉದುರಿದ ಬಂಗಾರದ ಪುಡಿಯನ್ನು ಹೊರತೆಗೆಯುವುದು ಅವನ ಕಸುಬು. ತನ್ನ ಅಜ್ಜ ಗಟಾರದ ಹತ್ತಿರ ಹೋದವನೇ ಅಲ್ಲ, ಘಟಪ್ರಭೆಯ ಉಸುಕಿನಿಂದಲೇ ಬಂಗಾರ ತೆಗೆಯುತ್ತಿದ್ದ ಎಂದು ಅವನು ಹೇಳುತ್ತಿದ್ದ. ಯಾರೂ ನಂಬಲಿಲ್ಲ. ಒಂದು ದಿನ ಚಾವಡಿಯ ಮುಂದೆ ಎಲ್ಲರ ಕಣ್ಣೆದುರೇ ಹೊಳೆಯ ಉಸುಕನ್ನು ಜಾಲಿಸಿ, ಮರಿಗೆಯ ತಳದಲ್ಲಿ ಸಾಸಿವೆಯ ಕಾಲುಭಾಗದಷ್ಟಿರುವ ಒಂದು ಹಳದಿ ಕಣವನ್ನು ತೋರಿಸಿದ. ಗೌಡರು ಕನ್ನಡಕ ಏರಿಸಿ, ಬಗ್ಗಿ ನೋಡಿ, "ಇದು ನಿನ್ನ ಉಗುರಾಗಿಂದ ಬಿದ್ದದ್ದಲೇ" ಎಂದುಬಿಟ್ಟರು. ದಿನವೂ ಪತ್ತಾರರ ಕಸದಲ್ಲಿ ಕೈಯಾಡಿಸುವವನ ಉಗುರಿನಲ್ಲಿ ಬಂಗಾರ ಸಿಕ್ಕಿಕೊಂಡಿರುವುದು ಸಾಧ್ಯವೇ ಇತ್ತು. ಕೂತವರೆಲ್ಲ ಹೌದು ಹೌದು ಎಂದರು.

ಅಂದಿನಿಂದ ಭೀಮಣ್ಣ ಪ್ರತಿ ಸೋಮವಾರ ಅದೇ ಚಾವಡಿಯ ಮುಂದೆ ಕ್ಷೌರ ಮಾಡುವ ಹಡಪದವನ ಎದುರು ಕುಳಿತು, ಹತ್ತೂ ಬೆರಳ ಉಗುರನ್ನು ರಕ್ತ ಜಿನುಗುವ ತನಕ ತೆಗೆಸಿಕೊಳ್ಳತೊಡಗಿದ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಸಾಲಿಗೆ ಹೋಗುವ ದಾರಿಯಲ್ಲಿ ಅದನ್ನು ಕಂಡ ದಿನ ನನಗೆ ಪಾಠ ಹೇಳುವ ಮನಸ್ಸೇ ಬರುತ್ತಿರಲಿಲ್ಲ.

ಆ ಹೊತ್ತಿಗೆ ಬಸಪ್ಪನ ಪತ್ರ ಬಂತು. ಬಸಪ್ಪ ಬೆಲ್ಲದ ಬಾಗೇವಾಡಿಯವನು, ಸಾಲಿಯಲ್ಲಿ ನನಗಿಂತ ಎರಡು ಇಯತ್ತೆ ಕೆಳಗೆ ಓದಿದವನು, ಈಗ ಟ್ಯಾಂಗನಿಕಾ ದೇಶದ ಚುನ್ಯಾ ಎಂಬ ಊರಿನಲ್ಲಿ ಬಟ್ಟೆ ಹೊಲಿಯುವ ಸಿಂಪಿಗ. ಇಲ್ಲಿ ಹೊಳೆಯ ಉಸುಕು ತೊಳೆದು ಬಂಗಾರ ತೆಗೆಯುತ್ತಾರೆ, ಒಮ್ಮೆ ಬಂದು ನೋಡಿರಿ, ಹಡಗಿನ ಟಿಕೆಟ್ಟು ನಾನು ಕಳಿಸುತ್ತೇನೆ ಎಂದು ಬರೆದಿದ್ದ. ನಾನು ಅದನ್ನು ಚಾವಡಿಯಲ್ಲಿ ಓದಿದ್ದೇ ತಪ್ಪಾಯಿತು. ಗೌಡರು ಎದ್ದು ಕುಳಿತು, "ನಮ್ಮ ಉಸುಕ ಅಲ್ಲಿ ಒಯ್ದು ತೊಳೀರಿ ಮಾಸ್ತರ. ಆ ಮಂದಿಗೆ ಭೀಮಣ್ಣನ ಮ್ಯಾಲ ಪ್ರೀತಿನೂ ಇಲ್ಲ, ಸಿಟ್ಟೂ ಇಲ್ಲ" ಎಂದರು. ಹೊಳೆ ಊರಿನ ಬಾಜೂಕೇ ಹರಿಯುತ್ತಿರುವಾಗ ಅದರ ಉಸುಕನ್ನು ಸಮುದ್ರದ ಆಚೆ ತೊಳೆಯುವುದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ನ್ಯಾಯವೆಂದರೆ ದೂರದಲ್ಲೇ ಸಿಗುವುದು ಎಂಬ ನಂಬಿಕೆ ನಮ್ಮಲ್ಲಿ ಮೊದಲಿನಿಂದಲೂ ಇದೆ, ಸಣ್ಣ ವ್ಯಾಜ್ಯಕ್ಕೂ ಬೆಳಗಾವಿಗೇ ಹೋಗುವವರು ನಾವು.

ಪಂಚರು ಷರತ್ತು ಹಾಕಿದರು. ಚೀಲದ ಬಾಯಿಗೆ ಅರಗು ಹಚ್ಚಿ ಗೌಡರ ಮುದ್ರೆಯುಂಗುರ ಒತ್ತಬೇಕು. ಭೀಮಣ್ಣ ಚೀಲ ಮುಟ್ಟಕೂಡದು. ಅಲ್ಲಿ ಬೇರೆ ಯಾರ ಕೈಯೂ ತಾಗದೆ ನಾನೇ ತೊಳೆಯಬೇಕು. ನನ್ನನ್ನು ಆರಿಸಿದ್ದು ಇಂಗ್ಲಿಷ್ ಬರುತ್ತದೆ ಎಂದು ಮಾತ್ರ ಅಲ್ಲ. ಊರಿನ ಮದುವೆ ಮುಂಜಿಗಳಲ್ಲಿ ಚೀಲಗಟ್ಟಲೆ ಅಕ್ಕಿಯನ್ನು ನೀರಿನಲ್ಲಿ ಜಾಲಿಸಿ, ಒಂದು ಹರಳೂ ಉಳಿಯದಂತೆ ಬೇರ್ಪಡಿಸುವ ಕೈ ನನ್ನದು. ಅಕ್ಕ ತಂಗಿಯರಿಲ್ಲದ ಮನೆಯಲ್ಲಿ ಅವ್ವ ನನಗೇ ಕಲಿಸಿದ ವಿದ್ಯೆ ಅದು. "ಅಕ್ಕಿ ಜಾಲಸಾಂವಗ ಉಸುಕ ಏನ ದೊಡ್ಡದು" ಎಂದರು ಗೌಡರು. ನಾನೂ ಹಿಗ್ಗಿದೆ.

ಗೋಕಾಕ ರೋಡ್ ಸ್ಟೇಷನ್ನಿಗೆ ಭೀಮಣ್ಣ ಕಳಿಸಲು ಬಂದಿದ್ದ. ಚೀಲ ಮುಟ್ಟಿದನೆಂಬ ಮಾತು ಬರಬಾರದೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದ.

"ಮಾಸ್ತರ, ಕಡೀಕ ತಳದಾಗ ಕರೇ ಉಸುಕ ಉಳಿತೈತ್ರಿ. ಬಂಗಾರ ಇದ್ರ ಅದರ ಹಿಂದ ಬಾಲದಂಗ ಬರತೈತಿ. ಕಂಡ್ರ ಕಂಡೆ ಅನ್ರಿ, ಕಾಣಲಿಲ್ಲಾಂದ್ರ ಕಾಣಲಿಲ್ಲ ಅನ್ರಿ. ನನ್ನ ಸಲುವಾಗಿ ಏನೂ ಕೂಡಿಸಬ್ಯಾಡ್ರಿ" ಎಂದ.

ಗಾಡಿ ಹೊರಟ ಮೇಲೂ ಆ ಕೈಗಳು ಹಿಂದೆಯೇ ಇದ್ದವು.

ಮುಂಬಯಿ ಬಂದರು

ಬಂದರಿನ ಜಕಾತಿ ಅಧಿಕಾರಿ ಚೀಲಕ್ಕೆ ಕೋಲಿನಿಂದ ತಟ್ಟಿ ಇದೇನೆಂದು ಕೇಳಿದ. ಉಸುಕು ಎಂದೆ. ಉಸುಕು ಯಾಕೆ ಎಂದ. ಇದರಲ್ಲಿ ಬಂಗಾರ ಇದೆಯೋ ಇಲ್ಲವೋ ನೋಡಲು ಒಯ್ಯುತ್ತಿದ್ದೇನೆ ಎಂದೆ. ಮಾಸ್ತರಿಕೆ ಮಾಡಿದವನಿಗೆ ಥಟ್ಟನೆ ಸುಳ್ಳು ಹೊಳೆಯುವುದಿಲ್ಲ.

ಅವನು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ಯೋಚಿಸಿದ. "ಬಂಗಾರ ಇದ್ದರೆ ಹೊರಗೆ ಒಯ್ಯುವಂತಿಲ್ಲ. ಇಲ್ಲದಿದ್ದರೆ ಒಯ್ಯುವುದು ಯಾಕೆ?" ಎಂದು ಕೇಳಿದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇಂದಿಗೂ ಆಗಿಲ್ಲ. ಇದೆಯೋ ಇಲ್ಲವೋ ಎಂಬುದು ಅಲ್ಲಿಗೆ ಹೋದ ಮೇಲೆ ತಾನೇ ಗೊತ್ತಾಗುವುದು ಎಂದೆ. ಹಾಗಿದ್ದರೆ ಮೊದಲು ಅಲ್ಲಿಗೆ ಹೋಗಿ ಗೊತ್ತು ಮಾಡಿಕೊಂಡು ಬಂದು, ಆಮೇಲೆ ಒಯ್ಯಿ ಎಂದ. ಹಿಂದಿನ ಸಾಲಿನವರು ಗೊಣಗತೊಡಗಿದರು. ಚೀಲ ಬಿಚ್ಚುತ್ತೇನೆಂದು ಅವನು ಅರಗಿಗೆ ಕೈ ಹಾಕಿದಾಗ ನಾನು ಚೀಲವನ್ನು ತಬ್ಬಿಕೊಂಡು ಬಿಟ್ಟೆ. ಮುದ್ರೆ ಒಡೆದರೆ ಭೀಮಣ್ಣನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಕಂಡ ಅಧಿಕಾರಿ ಮೆತ್ತಗಾಗಿ, ಊರ ಹೊಳೆಯ ಉಸುಕೇ, ಧರ್ಮಕಾರ್ಯಕ್ಕೇ ಎಂದು ಕೇಳಿದ. ಒಂದು ರೀತಿಯಿಂದ ಹೌದು ಎಂದೆ. ಅವನು ಟೊಪ್ಪಿಗೆ ತೆಗೆದು ಚೀಲಕ್ಕೆ ನಮಸ್ಕಾರ ಮಾಡಿ ಮುಂದೆ ಬಿಟ್ಟ.

ಹಡಗಿನಲ್ಲಿ ಚೀಲ ನನ್ನ ತಲೆದಿಂಬಾಯಿತು. ಅಡಿಗೆಮನೆಯ ಭಾಂಡೆ ತಿಕ್ಕುವವನೊಬ್ಬ ದಿನವೂ ಬಂದು, ಕರಿ ಹಿಡಿದ ಪಾತ್ರೆಗೆ ಎರಡೇ ಹಿಡಿ ಕೊಡಿ ಎಂದು ಬೇಡುತ್ತಿದ್ದ. ಸುತ್ತ ನೀರು, ಉಸುಕು ಮಾತ್ರ ಎಲ್ಲೂ ಇಲ್ಲ. ಕೊಡಲಾಗದೆ ನನಗೆ ನಾಚಿಕೆಯಾಗುತ್ತಿತ್ತು. ಇಳಿಯುವ ದಿನ ಅವನು ನನ್ನನ್ನು ನೋಡಿಯೂ ನೋಡದಂತೆ ಹೋದ.

ಇಟಿಗಿ

ದಾರ್ ಎಸ್ ಸಲಾಮ್ ಬಂದರಿನಿಂದ ರೈಲು ಹತ್ತಿ, ಇಟಿಗಿ ಎಂಬ ಸ್ಟೇಷನ್ನಿನಲ್ಲಿ ಇಳಿದೆ. ನಮ್ಮ ಕಡೆಯ ಇಟಗಿಯೇ ನೆನಪಾಗಿ ಧೈರ್ಯ ಬಂತು. ಅಲ್ಲಿಂದ ಚುನ್ಯಾಕ್ಕೆ ಬಸ್ಸು. ನಾಳೆ ಒಂದು ಗಂಟೆಗೆ ಬಿಡುತ್ತದೆ ಎಂದು ಬಸ್ಸಿನವನು ಬೆರಳೆತ್ತಿ ತೋರಿಸಿದ. ಚೀಲವನ್ನು ಆಗಲೇ ಮೇಲೆ ಕಟ್ಟಿಸಿ, ಮರುದಿನ ನಿಶ್ಚಿಂತೆಯಿಂದ ಸ್ನಾನ ಮಾಡಿ, ಊಟ ಮಾಡಿ, ಮಧ್ಯಾಹ್ನ ಹನ್ನೆರಡೂವರೆಗೆ ಹೋದರೆ ಬಸ್ಸು ಇಲ್ಲ. ಮುಂಜಾನೆ ಏಳಕ್ಕೇ ಹೋಗಿತ್ತು.

ಆ ಜನ ಗಂಟೆಯನ್ನು ಹೊತ್ತು ಹುಟ್ಟಿದಾಗಿನಿಂದ ಎಣಿಸುತ್ತಾರೆ. ನಮ್ಮ ಏಳು ಅವರ ಒಂದು. ಸಿಟ್ಟು ಬಂತಾದರೂ, ನಮ್ಮ ಅಜ್ಜನೂ ಘಳಿಗೆಯನ್ನು ಹೀಗೇ ಎಣಿಸುತ್ತಿದ್ದನಲ್ಲ ಎಂದು ನೆನಪಾಗಿ ಸುಮ್ಮನಾದೆ. ಮಧ್ಯರಾತ್ರಿಗೆ ದಿನ ಶುರುವಾಗುತ್ತದೆ ಎಂದು ಮಕ್ಕಳಿಗೆ ಕಲಿಸುವ ನಾನೇ ವಿಚಿತ್ರ ಮನುಷ್ಯ ಎನ್ನಿಸಿತು. ಮುಂದಿನ ಬಸ್ಸು ಎರಡು ದಿನದ ಮೇಲೆ. ಹೀಗಾಗಿ ಘೋಡಗೇರಿಯ ಉಸುಕು ನನಗಿಂತ ಮೊದಲು, ಯಾರ ಸಹಾಯವೂ ಇಲ್ಲದೆ ಚುನ್ಯಾ ಮುಟ್ಟಿತು.

ಆ ಎರಡು ದಿನ ನಾನು ಅವರ ಕುಶಲ ಕೇಳುವ ಪದ್ಧತಿ ಕಲಿತೆ. ಎದುರು ಬಂದವರು ನಿಮ್ಮ ಸುದ್ದಿ ಏನು, ಮನೆಯ ಸುದ್ದಿ ಏನು, ಬೆಳಗಿನ ಸುದ್ದಿ ಏನು, ಕೆಲಸದ ಸುದ್ದಿ ಏನು ಎಂದು ಒಂದೊಂದಾಗಿ ಕೇಳುತ್ತಾರೆ. ಪ್ರತಿಯೊಂದಕ್ಕೂ 'ನ್ಜೂರಿ', ಎಂದರೆ ಛಲೋ ಐತಿ, ಎನ್ನಬೇಕು. ಕಾಲು ಮುರಿದುಕೊಂಡು ಬಿದ್ದಿದ್ದರೂ ಮೊದಲು ನ್ಜೂರಿ ಅಂದು ಆಮೇಲೆ ಕಾಲಿನ ಮಾತು. ನಮ್ಮಲ್ಲಿ ಆರಾಮ ಅದೀರೇನ್ರಿ ಎಂದು ಕೇಳಿದರೆ ಮೊಣಕಾಲಿನಿಂದಲೇ ಶುರು ಮಾಡುತ್ತೇವೆ.

ಚುನ್ಯಾ

ನನಗಾಗಿ ಬಸ್ಸಿಗೆ ಬಂದು ಕಾದಿದ್ದ ಬಸಪ್ಪ, ನಾನಿಲ್ಲದೆ ಇಳಿದ ಚೀಲವನ್ನೇ ಒಯ್ದು ತನ್ನ ಅಂಗಡಿಯಲ್ಲಿ ಗಿರಾಕಿಗಳು ಕೂರುವ ಕುರ್ಚಿಯ ಮೇಲೆ ಕೂರಿಸಿ, ಕುಂಕುಮ ಹಚ್ಚಿದ್ದ. ಮುದ್ರೆ ಹಾಗೆಯೇ ಇತ್ತು. ಗಿರಾಕಿಗಳು ನಿಂತಿದ್ದರು.

"ಮಾಸ್ತರ, ಹನ್ನೊಂದು ವರ್ಷ ಆತ್ರಿ. ನನ್ನ ಜೋಡಿ ಯಾರೂ ಕನ್ನಡದಾಗ ಜಗಳ ತಗದಿಲ್ಲ. ಮೊನ್ನಿಂದ ಈ ಚೀಲದ ಜೋಡಿನ ಮಾತಾಡಾಕತ್ತೇನಿ. ನೀವು ಬರೂದು ತಡಾ ಆದ್ರೂ ನಡೀತಿತ್ತು" ಎಂದ.

ಮಾತಾಡುವ ಹಸಿವು ಎಂಥದೆಂದು ನಾನು ಅಲ್ಲಿ ಕಂಡೆ. ಹೊಲಿಯುವಾಗ, ಉಣ್ಣುವಾಗ, ಬಾಯಿ ತುಂಬ ಬೇವಿನ ಕಡ್ಡಿ ಇರುವಾಗಲೂ ಅವನು ಮಾತಾಡುತ್ತಿದ್ದ. ಬಾಗೇವಾಡಿಯ ಯಾವ ಮನೆಯ ಎಮ್ಮೆ ಯಾವ ವರ್ಷ ಈಯಿತು ಎಂಬುದೆಲ್ಲ ಅವನಿಗೆ ನೆನಪಿತ್ತು. "ಒಮ್ಮೆರೆ ನನ್ನ ಬೈರಿ ಮಾಸ್ತರ, ಮನಸ ತುಂಬಿ ಬೈರಿ" ಎಂದು ದಿನಕ್ಕೆರಡು ಸಲ ಕೇಳುತ್ತಿದ್ದ. ಕಾರಣವಿಲ್ಲದೆ ಬೈಯುವುದು ಹೇಗೆ? ಆಗಲಿ ನೋಡೋಣ ಎನ್ನುತ್ತಿದ್ದೆ.

ಲೂಪಾ ಹೊಳೆ

ಉಸುಕು ತೊಳೆಯುವುದನ್ನು ನನಗೆ ಕಲಿಸಲು ಬಸಪ್ಪ ಗೊತ್ತು ಮಾಡಿದ್ದು ಮಾಮಾ ನೀಮಾ ಎಂಬ ಹೆಂಗಸನ್ನು. ಮಾಮಾ ಎಂದರೆ ಅಲ್ಲಿ ತಾಯಿ. ನಮ್ಮಲ್ಲಿ ಅವ್ವನ ಅಣ್ಣನನ್ನು ಕರೆಯುವಂತೆ ಆ ಹೆಂಗಸನ್ನು ಕರೆಯಲು ನನಗೆ ಮೂರು ದಿನ ನಾಲಗೆ ಏಳಲಿಲ್ಲ. ಐವತ್ತರ ಆಚೆ ಈಚೆಯ, ಅಗಲ ಭುಜದ, ಬಾಯಿಯಲ್ಲಿ ಸದಾ ಕಬ್ಬಿನ ಸಿಗುರು ಜಗಿಯುತ್ತಿದ್ದ ಹೆಂಗಸು. ಅವಳ ಹತ್ಯಾರವೆಂದರೆ ಒಂದು ಅಗಲವಾದ ತಗಡಿನ ಬೋಗುಣಿ. ಅದಕ್ಕೆ ಅವರು ಕರಾಯಿ ಎನ್ನುತ್ತಾರೆ. ನಮ್ಮ ಕಡಾಯಿಯೇ ಹಡಗು ಹತ್ತಿ ಹೋಗಿರಬೇಕು.

ಕೆಲಸ ನೋಡಲು ಸುಲಭ. ಕರಾಯಿಯಲ್ಲಿ ಉಸುಕು ತುಂಬಿ ನೀರಿನಲ್ಲಿ ಮುಳುಗಿಸಬೇಕು. ಕೈಯಿಂದ ಕಲಸಿ, ಗಟ್ಟಿ ಒಡೆದು, ದಪ್ಪ ಕಲ್ಲು ಎತ್ತಿ ಎಸೆಯಬೇಕು. ಎಡಕ್ಕೆ ಬಲಕ್ಕೆ ಗಡಗಡ ಅಲ್ಲಾಡಿಸಿದರೆ ತೂಕದ್ದೆಲ್ಲ ತಳಕ್ಕೆ ಇಳಿಯುತ್ತದೆ. ಆಮೇಲೆ ಸ್ವಲ್ಪ ಬಾಗಿಸಿ ತಿರುವಿದರೆ ಹಗುರ ಉಸುಕು ನೀರಿನ ಜೊತೆ ಅಂಚಿನಿಂದ ಹೋಗುತ್ತದೆ. ಹೀಗೆ ಮಾಡುತ್ತ ಮಾಡುತ್ತ ಕಡೆಗೆ ಹಿಡಿಯಷ್ಟು ಕರಿ ಉಸುಕು ಉಳಿಯುತ್ತದೆ. ಬಂಗಾರ ಅದಕ್ಕಿಂತಲೂ ಭಾರ, ಎಲ್ಲಕ್ಕಿಂತ ಹಿಂದೆ ಉಳಿಯುತ್ತದೆ.

ಮೊದಲ ದಿನ ನನ್ನ ಕೈ ತಿರುಗಿದ್ದನ್ನು ನೋಡಿ ಮಾಮಾ ನೀಮಾ ಬೆರಗಾದಳು. ಅವಳ ಮಾತನ್ನು ಬಸಪ್ಪ ತಿಳಿಸಿ ಹೇಳಿದ: "ಈ ಕೈ ಹುಟ್ಟಿದಾಗಿಂದ ಇದನ್ನ ಮಾಡೈತಿ ಅನ್ನಾಕತ್ತಾಳ್ರಿ." ನಾನು ಹೆಮ್ಮೆಯಿಂದ ಕರಾಯಿಯನ್ನು ಇನ್ನೆರಡು ಸುತ್ತು ತಿರುವಿ, ಕಡೆಗೆ ಮಣಿಕಟ್ಟಿನಿಂದ ಒಂದು ಝಾಡಿಸಿ, ತಳದಲ್ಲಿ ಉಳಿದದ್ದನ್ನು ಹೊಳೆಗೆ ಎಸೆದೆ.

ಅಕ್ಕಿ ಜಾಲಿಸುವವನು ಮಾಡುವುದೇ ಅದು. ತೇಲಿ ಬರುವ ಅಕ್ಕಿಯನ್ನು ಬೇರೆ ಪಾತ್ರೆಗೆ ಬಾಗಿಸಿಕೊಂಡು, ತಳದಲ್ಲಿ ಕೂತ ಹರಳನ್ನು ಅಂಗಳಕ್ಕೆ ಝಾಡಿಸುವುದು. ನಲವತ್ತು ವರ್ಷ ನನ್ನ ಕೈ ಭಾರವಾದದ್ದನ್ನು ಎಸೆದೇ ಶಹಬ್ಬಾಸ್ ಅನ್ನಿಸಿಕೊಂಡಿತ್ತು. ಇಲ್ಲಿ ಭಾರವಾದದ್ದಕ್ಕಾಗಿಯೇ ಜನ ಬದುಕುತ್ತಿದ್ದರು. ಮಾಮಾ ನೀಮಾ ನನ್ನ ಮಣಿಕಟ್ಟಿನ ಮೇಲೆ ಕೈಯಲ್ಲಿದ್ದ ಕಬ್ಬಿನ ಜಲ್ಲೆಯಿಂದ ಒಂದು ಹೊಡೆದಳು. ಸಾಲಿಯಲ್ಲಿ ಹೊಡೆಯುವ ನಾನು ಹೊಡೆತ ತಿಂದು ಎಷ್ಟೋ ವರ್ಷವಾಗಿತ್ತು.

ಆರು ದಿನ ಅವರ ಹೊಳೆಯ ಉಸುಕಿನಲ್ಲೇ ಅಭ್ಯಾಸ ನಡೆಯಿತು. ಮೊದಲ ದಿನ ಏಳು ಏಟು, ಆಮೇಲೆ ನಾಲ್ಕು, ಆಮೇಲೆ ಒಂದು. ಆರನೆಯ ದಿನ ಒಂದೂ ಬೀಳಲಿಲ್ಲ. ಕರಿ ಉಸುಕಿನ ಹಿಂದೆ ಹಳದಿ ಬಾಲ ಬಂದದ್ದನ್ನು ನಾನೇ ಕಂಡು ಮಗುವಿನಂತೆ ಕೂಗಿದೆ.

ಏಳನೆಯ ದಿನ

ಚೀಲ ಹೊಳೆಗೆ ಬಂತು. ಸುತ್ತಮುತ್ತಲಿನ ತೊಳೆಯುವವರೆಲ್ಲ ತಮ್ಮ ಕೆಲಸ ಬಿಟ್ಟು ನೆರೆದರು. ಬೇರೆ ದೇಶದ ಉಸುಕನ್ನು ಅವರು ಕಂಡಿರಲಿಲ್ಲ, ಅದನ್ನು ಹೊತ್ತು ತರುವವನನ್ನಂತೂ ಕಂಡೇ ಇರಲಿಲ್ಲ. ನಾನು ಅರಗು ಒಡೆದೆ. ಹಸಿ ಜೊಂಡಿನ ವಾಸನೆ ಬಂತು. ಬಸಪ್ಪ ಒಂದು ಹಿಡಿ ತೆಗೆದು ಮೂಸಿ ನೋಡಲು ಬಂದ. ಮುಟ್ಟಬೇಡ ಎಂದು ದೂರ ಕೂರಿಸಿದೆ. ಹೊಸ ಕರಾಯಿ ತರಿಸಿದ್ದೆ, ಹಳೆಯದರಲ್ಲಿ ಅವರ ಬಂಗಾರ ಅಂಟಿರಬಹುದು ಎಂದು. ಇಷ್ಟೆಲ್ಲ ಎಚ್ಚರ ನನಗಿತ್ತು.

ಮುಂಜಾನೆಯಿಂದ ಹೊತ್ತು ನೆತ್ತಿಗೆ ಬರುವ ತನಕ ತೊಳೆದೆ. ಹತ್ತು ಸೇರು ಹೋಗಿ ಒಂದು ಸೇರಾಯಿತು, ಒಂದು ಹೋಗಿ ಒಂದು ಬೊಗಸೆಯಾಯಿತು. ಕರಾಯಿಯಲ್ಲಿ ಈಗ ಬೆರಳಗಲ ಕರಿ ಉಸುಕು. ಬಾಗಿಸಿ, ಚೂರು ನೀರು ಆಡಿಸಿದೆ. ಅದು ಹಿಂದೆ ಸರಿದಾಗ ಅದರ ತುದಿಗೆ ಅರಿಷಿಣದಲ್ಲಿ ಅದ್ದಿದ ನೂಲಿನ ಎಳೆಯಷ್ಟು ಹಳದಿ ಗೆರೆ ಕಂಡಿತು. ಭೀಮಣ್ಣ ಹೇಳಿದ್ದು ನಿಜವಾಗಿತ್ತು, ನನಗೆ ಅಳು ಬರುವಂತಾಯಿತು.

ಅಷ್ಟು ಹೊತ್ತು ತಡೆದುಕೊಂಡಿದ್ದ ಬಸಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ಹಿಂಗ ಕುಂತದ್ದು ನೋಡಿದ್ರ ನಮ್ಮ ಅಕ್ಕನ ಲಗ್ನ ನೆನಪಾಕೈತ್ರಿ ಮಾಸ್ತರ. ಬಾಗೇವಾಡಿ ಬಾವಿ ಕಟ್ಟಿ ಮ್ಯಾಲ ನೀವ ಅಕ್ಕಿ ಜಾಲಸಿದ್ರಿ. ಹೊರಗ ಬೀಗರು ಹಸದು ಕುಂತಿದ್ರು. ಲಗೂ ಮಾಡ್ರಿ ಮಾಸ್ತರ, ಲಗೂ ಮಾಡ್ರಿ ಅಂತ ನಮ್ಮ ಕಾಕಾ..."

ನನ್ನ ಕೈ ಲಗೂ ಮಾಡಿತು. ಎರಡು ಸುತ್ತು, ಒಂದು ಝಾಡಿಸು. ಘೋಡಗೇರಿಯ ಕರಿ ಉಸುಕು, ಅದರ ಹಳದಿ ಬಾಲ, ಎಲ್ಲ ಲೂಪಾ ಹೊಳೆಯಲ್ಲಿ ಬಿತ್ತು. ಕರಾಯಿ ಅವ್ವನ ಅಕ್ಕಿ ಪಾತ್ರೆಯಂತೆ ಸ್ವಚ್ಛವಾಗಿತ್ತು.

ಮಾಮಾ ನೀಮಾ ತಲೆಯ ಮೇಲೆ ಕೈ ಹೊತ್ತು ನೀರಿನಲ್ಲೇ ಕುಳಿತಳು. ನಾನು ಬಸಪ್ಪನ ಕಡೆ ತಿರುಗಿ, ಹುಕ್ಕೇರಿ ತಾಲೂಕಿನಲ್ಲಿ ಇರುವ ಎಲ್ಲ ಬೈಗುಳಗಳನ್ನೂ ಬೈದೆ. ಸಾಲಿಯ ಮಾಸ್ತರನಿಗೆ ಗೊತ್ತಿರಬಾರದ ಕೆಲವನ್ನೂ ಬೈದೆ. ಅವನು ಕಣ್ಣು ಮುಚ್ಚಿ, ತಲೆ ತೂಗುತ್ತ ಕೇಳಿದ. ನಾನು ದಣಿದು ನಿಲ್ಲಿಸಿದಾಗ ಕಣ್ಣೊರೆಸಿಕೊಂಡು, "ಇನ್ನೊಂದೀಟ ಬೈರಿ" ಎಂದ.

ಅಷ್ಟರಲ್ಲಿ ನೆರೆದವರೆಲ್ಲ ಕರಾಯಿ ಹಿಡಿದು ಆ ಜಾಗಕ್ಕೆ ನುಗ್ಗಿ ಜಾಲಿಸತೊಡಗಿದ್ದರು. ಬಂಗಾರ ಸಿಕ್ಕಿತು ಕೂಡ. ಆದರೆ ಆ ಹೊಳೆಯಲ್ಲಿ ನಿನ್ನೆಯೂ ಸಿಕ್ಕಿತ್ತು, ಮೊನ್ನೆಯೂ ಸಿಕ್ಕಿತ್ತು. ಮಾಮಾ ನೀಮಾ ತನಗೆ ಸಿಕ್ಕ ಒಂದು ಕಣವನ್ನು ಎಲೆಯಲ್ಲಿ ಮಡಿಸಿ ನನ್ನ ಅಂಗೈಯಲ್ಲಿಟ್ಟಳು.

"ತಗೋರಿ ಮಾಸ್ತರ. ನಿಂದ ಇದು, ಊರಿಗೆ ಒಯ್ಯಿ ಅಂತಾಳ್ರಿ" ಎಂದ ಬಸಪ್ಪ. "ಹೊಳಿ ಹೊಳಿಗೆ ಏನ ಫರಕ ಐತಿ? ಇತ್ತು ಅನ್ನೂದು ಖರೆ ಅಲ್ಲೇನ್ರಿ? ಖರೆ ಮಾತಿಗೆ ಒಂದ ಸಾಕ್ಷಿ ಅಷ್ಟ."

ಆ ಎಲೆಯನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಒಯ್ದರೆ ಭೀಮಣ್ಣನ ಮಾನ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ಆದರೆ ಬೇರೆ ಕಡೆಯ ಬಂಗಾರವನ್ನು ನಮ್ಮ ಹೊಳೆಯ ಬಂಗಾರವೆಂದು ತೋರಿಸಿದ ಎಂಬುದೇ ಅಲ್ಲವೇ ಅವನ ಮೇಲಿದ್ದ ಆಪಾದನೆ? ಅವನು ಮಾಡದ ಕೆಲಸವನ್ನು ಅವನ ಪರವಾಗಿ ನಾನು ಮಾಡಿದಂತಾಗುತ್ತಿತ್ತು. ಎಲೆಯನ್ನು ಅವಳಿಗೆ ಮರಳಿ ಕೊಟ್ಟೆ.

ಮರುದಿನ ಬಸ್ಸಿನ ಹತ್ತಿರ ಕಳಿಸಲು ಬಂದ ಮಾಮಾ ನೀಮಾ, ಮನೆಯ ಸುದ್ದಿ ಏನು, ಬೆಳಗಿನ ಸುದ್ದಿ ಏನು ಎಂದು ಕೇಳಿ, ಕಡೆಗೆ ಕೆಲಸದ ಸುದ್ದಿ ಏನು ಎಂದಳು. ನ್ಜೂರಿ ಎಂದೆ.

ಮತ್ತೆ ಘೋಡಗೇರಿ

ಹಡಗಿನಲ್ಲಿ ಬರುವಾಗ ಮತ್ತೆ ಸಿಕ್ಕ ಅದೇ ಭಾಂಡೆ ತಿಕ್ಕುವವನಿಗೆ ತೋರಿಸಲು ನನ್ನ ಹತ್ತಿರ ಖಾಲಿ ಚೀಲ ಮಾತ್ರ ಇತ್ತು. ಅದನ್ನೇ ಕೊಡವಿ ಅರ್ಧ ಹಿಡಿ ಕೊಟ್ಟೆ.

ಚಾವಡಿಯಲ್ಲಿ ಇಡೀ ಊರು ಸೇರಿತ್ತು. ಭೀಮಣ್ಣ ಕಂಬಕ್ಕೆ ಒರಗಿ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಳದಿ ಗೆರೆ ಕಂಡೆ, ನೂಲಿನಷ್ಟಿತ್ತು, ಆಮೇಲೆ ಅಕ್ಕಿಯ ಹರಳೆಂದು ಕೈ ಝಾಡಿಸಿ ಚೆಲ್ಲಿಬಿಟ್ಟೆ ಎಂದೆ. ನನ್ನ ಸಾಲಿಯ ಮಕ್ಕಳ ಮುಂದೆ, ಅವರ ತಾಯಂದಿರ ಮುಂದೆ ಹೇಳಿದೆ. ಹೆಂಗಸರ ಕಡೆಯಿಂದ ನಗೆ ಹೊರಟಿತು, ಆಮೇಲೆ ಗಂಡಸರೂ ನಕ್ಕರು. ಭೀಮಣ್ಣ ನಗಲಿಲ್ಲ.

ಗೌಡರು ಮೀಸೆ ಸವರುತ್ತ ಯೋಚಿಸಿ, "ಉಸುಕ ನಮ್ದು ಖರೆ. ನೀರ ಯಾರದು?" ಎಂದರು. ಅವರ ಹೊಳೆಯ ನೀರು ಎಂದೆ. "ಆ ಹೊಳಿಯಾಗ ಬಂಗಾರ ಐತೆಲ್ಲ, ನೀರಾಗ ಕೂಡಿ ಬಂದಿರಬೇಕು" ಎಂದರು. ಇದರ ಮೇಲೆ ಹೊತ್ತು ಮುಳುಗುವ ತನಕ ಚರ್ಚೆ ನಡೆದು, ಇನ್ನೊಮ್ಮೆ ಹೋಗುವಾಗ ಮಾಸ್ತರು ಘಟಪ್ರಭೆಯ ನೀರನ್ನೂ ಒಯ್ಯತಕ್ಕದ್ದು ಎಂದು ಪಂಚರು ಠರಾವು ಮಾಡಿದರು. ಎಷ್ಟು ಕೊಡ ಬೇಕು ಎಂಬುದು ತೀರ್ಮಾನವಾಗದೆ ಸಭೆ ಮುಗಿಯಿತು.

ಮನೆಯ ದಾರಿಯಲ್ಲಿ ಗೌಡರು ನನ್ನ ಬೆನ್ನ ಹಿಂದೆ ಬಂದು, ಯಾರೂ ಕೇಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, "ಮಾಸ್ತರ, ಬಂಗಾರ ತಂದು ತೋರಿಸಿದ್ರ ನಾ ನಂಬತಿದ್ದಿಲ್ಲ. ಚೆಲ್ಲಿ ಬಂದೇನಿ ಅಂದ್ರಿ, ನಂಬಿದೆ. ಇಂಥಾದ್ದನ್ನ ಯಾರ ಹುಟ್ಟಿಸಿ ಹೇಳ್ತಾರು?" ಎಂದರು. ಹಾಗಿದ್ದರೆ ಇದನ್ನು ಭೀಮಣ್ಣನಿಗೆ ಹೇಳಿರಿ ಎಂದೆ. ಅವರು ಧೋತರದ ಚುಂಗು ಎತ್ತಿ ಹಿಡಿದು ತಮ್ಮ ಓಣಿಗೆ ತಿರುಗಿದರು.

ಅವರು ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂದಿನ ಸೋಮವಾರ ಸಾಲಿಗೆ ಹೋಗುವಾಗ ಚಾವಡಿಯ ಮುಂದೆ ಹಡಪದವನು ಒಬ್ಬನೇ ಕುಳಿತಿದ್ದ. ಅದರ ಮುಂದಿನ ಸೋಮವಾರವೂ ಒಬ್ಬನೇ. ಮೂರನೆಯ ಸೋಮವಾರ ಸಾಲಿ ಬಿಟ್ಟ ಮೇಲೆ ನಾನು ಹೊಳೆಗೆ ಇಳಿದು ನೋಡಿದೆ. ಭೀಮಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತು ಉಸುಕು ಜಾಲಿಸುತ್ತಿದ್ದ. ನನ್ನನ್ನು ಕಂಡು ಮರಿಗೆಯನ್ನು ದಂಡೆಗಿಟ್ಟು, ಎರಡೂ ಕೈಗಳನ್ನು ಮುಂದೆ ಚಾಚಿದ. ಹತ್ತೂ ಉಗುರು ಬೆಳೆದಿದ್ದವು, ಒಂದೊಂದರ ಕೆಳಗೂ ಕರಿ ಉಸುಕು ಕೂತಿತ್ತು.

"ಬಾಳ ಬೆಳದಾವೇನ್ರಿ ಮಾಸ್ತರ?" ಎಂದು ಕೇಳಿದ.

"ಬೆಳದಾವ ಭೀಮಣ್ಣಕಾಕಾ."

"ಬೆಳೀಲಿ ತಗೋರಿ" ಎಂದು ಮತ್ತೆ ಮರಿಗೆ ಎತ್ತಿಕೊಂಡ.